ಯಾವ ಅರಳುಮರಳು ಇದು?

ಸಂಜೆ ಆರರ ಹೊತ್ತು. ರಾಯಚೂರಿನಿಂದ ಬಂದ ಬಸ್ಸು ಕಲ್ಮಲದ ಕ್ರಾಸಿನಲ್ಲಿ ನಿಲ್ಲುತ್ತದೆ. ಬಿಳಿ ಧೋತರ ಉಟ್ಟು, ತಲೆಗೆ ರುಮಾಲು ಸುತ್ತಿದ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕೈಚೀಲ ಹಿಡಿದು ನಿಧಾನಕ್ಕೆ ಇಳಿಯುತ್ತಾರೆ. ದೇವದುರ್ಗದ ಕಡೆಗೆ ದಾರಿ ಕವಲೊಡೆಯುವ ಜಾಗ ಅದು. ಬಸ್ಸು ಹೊರಟುಹೋಗುತ್ತದೆ, ಧೂಳು ಇಳಿಯುತ್ತದೆ, ಹಿರಿಯರು ನಿಂತೇ ಇರುತ್ತಾರೆ. ಒಮ್ಮೆ ಈ ದಾರಿ ನೋಡುತ್ತಾರೆ, ಒಮ್ಮೆ ಆ ದಾರಿ. ಹತ್ತಿ ತುಂಬಿದ ಬಂಡಿ ಹೊಡೆದುಕೊಂಡು ಐವತ್ತು ವರ್ಷ ತಿರುಗಿದ ದಾರಿ ಇದೇ.

ಚಹಾದಂಗಡಿಯ ಹುಡುಗ ಕೂಗುತ್ತಾನೆ: ‘ಎಲ್ಲಿಗಿ ಹೊಂಟೀರಿ ತಾತ?’

‘ಊರಿಗಪಾ.’

‘ಯಾವೂರಿಗ್ರಿ?’

ಹಿರಿಯರು ನಗುತ್ತಾರೆ. ಉತ್ತರ ಗೊತ್ತಿರುವವರು ನಗುವ ಹಾಗೆಯೇ ನಗುತ್ತಾರೆ. ಅವರ ಮನೆ ಬೆನ್ನ ಹಿಂದೆ, ಕೂಗಳತೆಯಲ್ಲಿದೆ. ಹುಡುಗ ಕೈ ಹಿಡಿದು ಮನೆ ಮುಟ್ಟಿಸಿದಾಗ ಸೊಸೆ ಹೇಳುವುದು ಒಂದೇ ಮಾತು: ‘ಏನ್ ಮಾಡ್ಬೇಕಪಾ, ವಯಸ್ಸಾತು. ಅರಳುಮರಳು.’

ಇಂಥ ಹಿರಿಯರು ಕಲ್ಮಲದಲ್ಲೇ ಸಿಗಬೇಕೆಂದಿಲ್ಲ. ಮಾನ್ವಿಯ ಭತ್ತದ ಗದ್ದೆಯ ಬದುವಿನ ಮೇಲೆ, ದೇವದುರ್ಗದ ಸಂತೆಯಲ್ಲಿ, ರಾಯಚೂರಿನ ತೀನ್ ಕಂದೀಲ್ ವೃತ್ತದ ಗದ್ದಲದ ನಡುವೆಯೂ ಹೀಗೆ ದಾರಿ ತಪ್ಪಿ ನಿಂತವರನ್ನು ನೀವು ನೋಡಿರುತ್ತೀರಿ. ಅವರನ್ನು ಆಸ್ಪತ್ರೆಗೆ ಕರೆದೊಯ್ದರೆ ವೈದ್ಯರು ‘ತಲೆ ಸ್ಕ್ಯಾನ್ ಮಾಡಿಸ್ಕೊಂಡು ಬರ್ರಿ’ ಎನ್ನುತ್ತಾರೆ. ಆ ಸ್ಕ್ಯಾನಿನಲ್ಲಿ ಏನನ್ನು ನೋಡುತ್ತಾರೆ? ಮರೆವು ಚಿತ್ರದಲ್ಲಿ ಕಾಣುತ್ತದೆಯೇ?

ಒಂದೇ ಮಾತು, ಹಲವು ಕಾಯಿಲೆ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮಲ್ಲಿ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆಂದರೆ, ಅದನ್ನು ಕಾಯಿಲೆ ಎಂದು ಯಾರೂ ಎಣಿಸುವುದೇ ಇಲ್ಲ. ಬೇಂದ್ರೆಯವರು ‘ಅರಳುಮರಳು’ ಎಂಬುದನ್ನೇ ತಮ್ಮ ಕವನ ಸಂಕಲನದ ಹೆಸರನ್ನಾಗಿಸಿ, ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಪಡೆದರು. ಮಾತು ಅಷ್ಟು ಮುದ್ದಾಗಿದೆ. ತೊಂದರೆ ಇರುವುದೂ ಅಲ್ಲೇ. ಕೂದಲು ಬೆಳ್ಳಗಾದ ಹಾಗೆ, ಹಲ್ಲು ಬಿದ್ದ ಹಾಗೆ ಇದೂ ಒಂದು ಎಂದುಕೊಂಡು ಸುಮ್ಮನಾಗುತ್ತೇವೆ.

ಕನ್ನಡಕವನ್ನು ಎಲ್ಲಿಟ್ಟೆ ಎಂದು ಮರೆಯುವುದು ವಯಸ್ಸಿನ ಲಕ್ಷಣ. ಕನ್ನಡಕ ಏತಕ್ಕೆ ಎಂಬುದೇ ಮರೆತುಹೋದರೆ ಅದು ಬೇರೆ. ನೆನಪು, ಮಾತು, ಲೆಕ್ಕ, ದಾರಿ, ನಡತೆ ಇವುಗಳಲ್ಲಿ ಒಂದೆರಡಾದರೂ ಕುಸಿದು, ದಿನದ ಬದುಕನ್ನು ಸ್ವಂತವಾಗಿ ನಡೆಸಲಾಗದ ಸ್ಥಿತಿಗೆ ಡಿಮೆನ್ಷಿಯಾ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಇದು ಇದೆ ಎಂದು ಅಂದಾಜಿಸಿತು. ಪೇಟೆಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಎಂದೂ ಹೇಳಿತು.

ಆದರೆ ಡಿಮೆನ್ಷಿಯಾ ಎಂಬುದು ಒಂದು ಕಾಯಿಲೆಯ ಹೆಸರಲ್ಲ. ‘ಜ್ವರ’ ಅಂದಹಾಗೆ ಅದು. ಜ್ವರ ಮಲೇರಿಯಾದ್ದೋ ಟೈಫಾಯ್ಡಿನದೋ ಡೆಂಗಿಯದೋ ಎಂದು ನೋಡುವಂತೆ ಇದರ ಬೇರನ್ನೂ ಹುಡುಕಬೇಕು. ಅನಂತನಾಗ್ ನಟಿಸಿದ 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಿಂದ ಅಲ್‌ಝೈಮರ್ ಎಂಬ ಹೆಸರು ನಮ್ಮ ಮನೆಗಳಿಗೂ ಬಂತು. ಎಲ್ಲಕ್ಕಿಂತ ಹೆಚ್ಚು ಜನರನ್ನು ಹಿಡಿಯುವುದು ಅದೇ. ಅದರ ಹಿಂದೆಯೇ ರಕ್ತನಾಳಗಳ ತೊಂದರೆಯಿಂದ ಬರುವ ಮರೆಗುಳಿತನ, ಲೂಯಿ ಬಾಡಿ ಡಿಮೆನ್ಷಿಯಾ, ಮಿದುಳಿನ ಮುಂಭಾಗ ಸವೆಯುವ ಡಿಮೆನ್ಷಿಯಾ ಇವೆಲ್ಲ ಸಾಲಾಗಿ ನಿಂತಿವೆ. ಒಂದಕ್ಕೆ ಕೊಡುವ ಗುಳಿಗೆ ಇನ್ನೊಂದಕ್ಕೆ ಕೆಲಸ ಮಾಡದೆಯೂ ಇರಬಹುದು. ಕೆಲವೊಮ್ಮೆ ಜೀವಕ್ಕೇ ಕುತ್ತು ತರುತ್ತದೆ.

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ

ಎಂಆರ್‌ಐ ಕೋಣೆಯ ಬಾಗಿಲ ಬಳಿ ಒಂದರ್ಧ ಗಂಟೆ ಕೂತರೆ ಸಾಕು, ನಮ್ಮ ಸೀಮೆಯ ಹಿರಿಯರು ಮೈಮೇಲೆ ಏನೆಲ್ಲ ಹೊತ್ತು ತಿರುಗುತ್ತಾರೆ ಎಂಬುದು ಗೊತ್ತಾಗುತ್ತದೆ. ಕಿವಿಯ ಬೆಂಡೋಲೆ, ಮೂಗುತಿ, ಕಾಲುಂಗುರ, ತಾಳಿ, ಉಡಿದಾರ, ದರ್ಗಾದಿಂದ ತಂದ ತಾಯಿತ, ಜೇಬಿನ ಅಡಕೊತ್ತು. ಎಲ್ಲವನ್ನೂ ತೆಗೆದು ಟ್ರೇಯಲ್ಲಿಡಬೇಕು. ತಾಳಿ ತೆಗೆಯಲು ಅಜ್ಜಿ ಒಪ್ಪುವುದಿಲ್ಲ. ಕೊರಳಿನ ಕರಡಿಗೆ ಬಿಚ್ಚಬೇಕೆಂದರೆ ತಾತ ಎದ್ದೇ ಹೊರಡುತ್ತಾರೆ. ಲಿಂಗ ಕಟ್ಟಿಕೊಂಡ ದಿನದಿಂದ ಮೈಬಿಟ್ಟು ಇಳಿಸಿದ್ದಿಲ್ಲ. ಮಗ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು, ‘ನಾ ಹಿಡ್ಕೊಂಡು ಇಲ್ಲೇ ನಿಂತಿರ್ತೀನಿ, ಯಪ್ಪಾ’ ಎಂದ ಮೇಲಷ್ಟೇ ಒಳಗೆ ಕಾಲಿಡುತ್ತಾರೆ.

ಇಷ್ಟೆಲ್ಲ ಕಟ್ಟುನಿಟ್ಟು ಏಕೆಂದರೆ ಆ ಯಂತ್ರ ಒಂದು ಭಾರೀ ಅಯಸ್ಕಾಂತ. ನಮ್ಮ ಮೈಯಲ್ಲಿ ನೀರಿರುವ ಕಡೆಯೆಲ್ಲ ಹೈಡ್ರೋಜನ್ ಇದೆ. ಅದರ ಕಣಗಳನ್ನು ಅಯಸ್ಕಾಂತ ಒಂದು ದಿಕ್ಕಿಗೆ ಸಾಲು ಹಿಡಿಸುತ್ತದೆ, ರೇಡಿಯೊ ತರಂಗ ಆ ಸಾಲನ್ನು ಕದಡುತ್ತದೆ. ಅವು ಮತ್ತೆ ಸಾಲಿಗೆ ಮರಳುವಾಗ ಹೊಮ್ಮಿಸುವ ಸಂಕೇತದಿಂದ ಕಂಪ್ಯೂಟರು ಚಿತ್ರ ಕಟ್ಟುತ್ತದೆ. ಒಳಗೆ ಕೇಳುವ ಡಬಡಬ ಸದ್ದು ಯಂತ್ರದ ಸುರುಳಿಗಳು ಅದುರುವುದರಿಂದ ಬರುವುದು. ಮರೆವಿನ ರೋಗಿಗೆ ಆ ಸದ್ದು, ಆ ಇಕ್ಕಟ್ಟು ಎರಡೂ ದಿಗಿಲು. ಅಲುಗಾಡಿದರೆ ಚಿತ್ರ ಮಸುಕು. ‘ಅಲ್ಲಾಡಬ್ಯಾಡ್ರಿ’ ಎಂದು ಹೇಳಿದ್ದು ಅವರಿಗೆ ಎರಡು ನಿಮಿಷಕ್ಕೆ ಮರೆತುಹೋಗಿರುತ್ತದೆ.

ಸಿಟಿ ಸ್ಕ್ಯಾನ್ ಬೇರೆ. ಅದು ಎಕ್ಸ್‌ರೇಯ ಮಗ: ತಲೆಯ ಸುತ್ತ ತಿರುಗುತ್ತಾ ತೆಳ್ಳಗೆ ಹೋಳು ಹೋಳಾಗಿ ಚಿತ್ರ ತೆಗೆಯುತ್ತದೆ. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ 1971ರಲ್ಲಿ ಮೊದಲ ರೋಗಿಯ ತಲೆ ಅದರೊಳಗೆ ಹೋಯಿತು. ಅದಕ್ಕೂ ಮುಂಚೆ ಬುರುಡೆಯೊಳಗಿನ ಮಿದುಳನ್ನು ನೇರವಾಗಿ ನೋಡುವ ದಾರಿಯೇ ಇರಲಿಲ್ಲ. ಸಿಟಿಯಲ್ಲಿ ಎಂಆರ್‌ಐನಷ್ಟು ನವಿರು ಇಲ್ಲ. ಆದರೆ ಬೇಗ ಮುಗಿಯುತ್ತದೆ, ಖರ್ಚು ಕಡಿಮೆ, ಹತ್ತಿರದಲ್ಲೇ ಸಿಗುತ್ತದೆ.

ಮೊದಲು ಹುಡುಕುವುದು ವಾಸಿಯಾಗುವುದನ್ನು

ಡಿಮೆನ್ಷಿಯಾ ಎಂದರೆ ಮದ್ದಿಲ್ಲದ ಕಾಯಿಲೆ ಎಂದು ಎಲ್ಲರೂ ನಂಬಿದ್ದಾರೆ. ಅದೇ ನಂಬಿಕೆ ಸ್ಕ್ಯಾನಿಗೆ ಹಣ ಏಕೆ ಸುರಿಯಬೇಕು ಎಂಬ ಮಾತಿಗೂ ಕಾರಣ. ನನ್ನ ಕೇಳಿದರೆ, ನಮ್ಮ ಜಿಲ್ಲೆಯಂಥ ಕಡೆ ಸ್ಕ್ಯಾನಿನ ಮೊದಲ ಬೆಲೆ ಇರುವುದು ಈ ನಂಬಿಕೆಯನ್ನು ಅಲುಗಾಡಿಸುವುದರಲ್ಲೇ. ಮರೆವಿನ ವೇಷ ಹಾಕಿ ಬರುವ ಕೆಲವು ಕಾಯಿಲೆಗಳು ವಾಸಿಯಾಗುತ್ತವೆ.

ಹಿರಿಯರೊಬ್ಬರು ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದಿರುತ್ತಾರೆ. ಗಾಯವಿಲ್ಲ, ರಕ್ತವಿಲ್ಲ, ಎಲ್ಲರೂ ಮರೆತಿರುತ್ತಾರೆ. ಆಮೇಲೆ ಮೆಲ್ಲಗೆ ಮಂಕು ಕವಿಯುತ್ತದೆ, ಮಾತು ತಡವರಿಸುತ್ತದೆ, ತೂಕಡಿಕೆ ಹೆಚ್ಚುತ್ತದೆ. ವಯಸ್ಸಾದಂತೆ ಮಿದುಳು ತುಸು ಕುಗ್ಗಿ, ಬುರುಡೆಗೂ ಅದಕ್ಕೂ ನಡುವಿನ ಸಣ್ಣ ರಕ್ತನಾಳಗಳು ಸೆಟೆದಿರುತ್ತವೆ. ಸಣ್ಣ ಪೆಟ್ಟಿಗೂ ಒಂದು ಹರಿದು, ರಕ್ತ ತೊಟ್ಟುತೊಟ್ಟಾಗಿ ಜಿನುಗಿ ಮಿದುಳನ್ನು ಒತ್ತುತ್ತದೆ. ಸಿಟಿ ಚಿತ್ರದಲ್ಲಿ ಅದು ಬುರುಡೆಯ ಅಂಚಿಗೆ ಬಿದಿಗೆ ಚಂದ್ರನ ಹಾಗೆ ಬಾಗಿ ಕೂತಿರುತ್ತದೆ. ಬುರುಡೆಗೆ ಸಣ್ಣ ತೂತು ಕೊರೆದು ಆ ರಕ್ತ ಹೊರತೆಗೆದರೆ ಎಷ್ಟೋ ಮಂದಿ ಮೊದಲಿನಂತಾಗುತ್ತಾರೆ. ಅರಳುಮರಳು ಎಂದು ಮೂಲೆಯ ಮಂಚಕ್ಕೆ ಸೇರಿಸಿದವರು ವಾರದೊಳಗೆ ಎದ್ದು ಕೂತು ಜೋಳದ ಧಾರಣೆ ಕೇಳಬಹುದು.

ಇನ್ನೊಂದು ಕಾಯಿಲೆಯಲ್ಲಿ ಮಿದುಳಿನ ಒಳಕೋಣೆಗಳಲ್ಲಿ ನೀರು ತುಂಬಿಕೊಳ್ಳುತ್ತದೆ. ಕೊಲಂಬಿಯಾದ ಸಾಲೊಮನ್ ಹಕೀಂ ಎಂಬ ಶಸ್ತ್ರವೈದ್ಯ ಗುರುತಿಸಿ, 1965ರಲ್ಲಿ ಜಗತ್ತಿಗೆ ತಿಳಿಸಿದ ಕಾಯಿಲೆ ಇದು. ಇದರ ನಡಿಗೆಯನ್ನು ನಮ್ಮವರಿಗೆ ವಿವರಿಸುವುದು ಸುಲಭ. ಮಳೆ ಬಿದ್ದ ಎರೆ ಹೊಲದಲ್ಲಿ ನಡೆದಿದ್ದೀರಲ್ಲ? ಕಾಲು ಕಿತ್ತಿಡುವುದೇ ಕಷ್ಟ. ಈ ರೋಗಿಗಳು ಒಣ ನೆಲದ ಮೇಲೂ ಹಾಗೇ ನಡೆಯುತ್ತಾರೆ. ಜೊತೆಗೆ ಮೂತ್ರ ಹಿಡಿತ ತಪ್ಪುತ್ತದೆ, ಯೋಚನೆ ನಿಧಾನವಾಗುತ್ತದೆ. ಸ್ಕ್ಯಾನಿನಲ್ಲಿ ಒಳಕೋಣೆಗಳು ಉಬ್ಬಿ ಕಂಡರೆ, ಬೆನ್ನುಹುರಿಯಿಂದ ಸ್ವಲ್ಪ ನೀರು ತೆಗೆದು ನಡಿಗೆ ಹಗುರಾಯಿತೇ ಎಂದು ನೋಡುತ್ತಾರೆ. ಹಗುರಾದರೆ ತಲೆಯಿಂದ ಹೊಟ್ಟೆಗೆ ಸಣ್ಣ ಕೊಳವೆ ಹಾಕಿ ನೀರು ಹರಿಸುವ ಶಸ್ತ್ರಚಿಕಿತ್ಸೆ ಇದೆ.

ಗಡ್ಡೆ, ಸೋಂಕು ಕೂಡ ಹೀಗೇ ಮೊದಲ ಚಿತ್ರದಲ್ಲಿ ಸಿಕ್ಕಿಬೀಳುತ್ತವೆ. ಬಿ12 ಕೊರತೆ, ಥೈರಾಯ್ಡ್ ಇಳಿತ ಚಿತ್ರದಲ್ಲಿ ಕಾಣುವುದಿಲ್ಲ, ಅದಕ್ಕೆ ರಕ್ತಪರೀಕ್ಷೆ. ಸ್ಕ್ಯಾನಿಗೆ ದುಡ್ಡು ಕಟ್ಟಿ ರಕ್ತಪರೀಕ್ಷೆ ಬಿಟ್ಟು ಬರುವವರನ್ನು ನೋಡಿದರೆ ಬೇಜಾರಾಗುತ್ತದೆ.

ಶೇಂಗಾ ಸಿಪ್ಪೆಯೊಳಗಿನ ಕಾಳು

ವಾಸಿಯಾಗುವಂಥದ್ದು ಯಾವುದೂ ಸಿಗಲಿಲ್ಲ ಎನ್ನಿ. ಆಗ ವೈದ್ಯರ ಕಣ್ಣು ಮಿದುಳು ಎಲ್ಲಿ ಕುಗ್ಗಿದೆ ಎಂದು ಹುಡುಕುತ್ತದೆ.

ಹಸಿ ಶೇಂಗಾ ಸುಲಿದಿದ್ದೀರಿ. ಕಾಳು ಸಿಪ್ಪೆ ತುಂಬ ಕೂತಿರುತ್ತದೆ. ಅದೇ ಕಾಯಿ ಒಣಗಿದರೆ ಕಾಳು ಸೊರಗಿ, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಗಿಲಕಿಯಾಗುತ್ತದೆ. ಬುರುಡೆ ಮತ್ತು ಮಿದುಳಿನ ಕಥೆಯೂ ಇದೇ. ವಯಸ್ಸಾದರೆ ಎಲ್ಲರ ಮಿದುಳೂ ತುಸು ಸೊರಗುತ್ತದೆ. ಹಾಗಾಗಿ ‘ಮಿದುಳು ಕುಗ್ಗಿದೆ’ ಎಂದು ವರದಿಯಲ್ಲಿ ಬರೆದಿದ್ದನ್ನು ನೋಡಿ ಗಾಬರಿಯಾಗಬೇಕಿಲ್ಲ. ಕುಗ್ಗಿದ್ದು ಎಲ್ಲಿ, ವಯಸ್ಸಿಗೆ ಮೀರಿ ಕುಗ್ಗಿದೆಯೇ ಎಂಬುದು ವಿಷಯ.

ಅಲ್‌ಝೈಮರ್ ಮೊದಲು ಕೈ ಹಾಕುವುದು ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಕಡಲಕುದುರೆ, ಆಕಾರ ಹಾಗಿದೆ. ಕಿವಿಯ ನೇರಕ್ಕೆ ಒಳಗೆ, ಎಡಕ್ಕೊಂದು ಬಲಕ್ಕೊಂದು, ಕಿರುಬೆರಳಿನಷ್ಟು ಗಾತ್ರದ್ದು. ಇವತ್ತು ಕಂಡದ್ದು, ಕೇಳಿದ್ದು ನಾಳೆಗೆ ಉಳಿಯಬೇಕಾದರೆ ಇದರ ಮೂಲಕ ಹಾದುಹೋಗಬೇಕು. ಇದು ಸವೆದವರಿಗೆ ನಿಜಾಮನ ಕಾಲದ ರಜಾಕಾರರ ಗಲಾಟೆ ಅಕ್ಷರಶಃ ನೆನಪಿರುತ್ತದೆ, ಈಗಷ್ಟೇ ಉಂಡ ರೊಟ್ಟಿ ನೆನಪಿರುವುದಿಲ್ಲ. ಮನೆಗೆ ಬಂದ ನೆಂಟರ ಮುಂದೆ ‘ಮುಂಜಾನಿಂದ ಊಟಕ್ಕೇ ಹಾಕಿಲ್ಲ ನೋಡ್ರಿ ಇವ್ರು’ ಎಂದು ದೂರುತ್ತಾರೆ. ಸೊಸೆಗೆ ಕೆಟ್ಟ ಹೆಸರು. ಆಮೇಲೆ ಸವೆತ ಮಿದುಳಿನ ಹಿಂಬದಿಯ ಮೇಲ್ಭಾಗಕ್ಕೆ ಹಬ್ಬುತ್ತದೆ. ದಿಕ್ಕು, ದಾರಿ, ಜಾಗದ ಲೆಕ್ಕ ಇಡುವ ಭಾಗ ಅದು. ಕಲ್ಮಲದ ಕ್ರಾಸಿನಲ್ಲಿ ನಿಂತ ತಾತ ಕಳೆದುಕೊಂಡಿದ್ದು ಅದನ್ನೇ ಇರಬಹುದು.

ಹಿಪೊಕ್ಯಾಂಪಸ್ ಎಷ್ಟು ಸವೆದಿದೆ ಎಂದು ಹೇಳಲು ಸೊನ್ನೆಯಿಂದ ನಾಲ್ಕರವರೆಗಿನ ಒಂದು ಅಳತೆ ಇದೆ. ನೆದರ್ಲೆಂಡ್ಸ್‌ನ ಫಿಲಿಪ್ ಶೆಲ್ಟನ್ಸ್ ಮತ್ತು ಸಂಗಡಿಗರು 1992ರಲ್ಲಿ ಮಾಡಿದ್ದು. ದೊಡ್ಡ ಕಂಪ್ಯೂಟರ್ ಬೇಡ, ಪಳಗಿದ ಕಣ್ಣು ಸಾಕು.

ಮಿದುಳಿನ ಮುಂಭಾಗ ಸವೆಯುವ ಕಾಯಿಲೆಯ ನಡೆಯೇ ಬೇರೆ. ಇದನ್ನು ಪ್ರಾಗ್ ನಗರದ ಆರ್ನಾಲ್ಡ್ ಪಿಕ್ 1892ರಲ್ಲೇ ಬರೆದಿಟ್ಟಿದ್ದ, ಅಲ್‌ಝೈಮರ್ ತನ್ನ ಹೆಸರು ಹೊತ್ತ ಕಾಯಿಲೆಯ ಬಗ್ಗೆ ಮಾತಾಡಿದ 1906ಕ್ಕೂ ಮುಂಚೆ. ಇದು ಐವತ್ತು, ಐವತ್ತೈದಕ್ಕೇ ಬರಬಹುದು. ನೆನಪು ಚೆನ್ನಾಗಿರುತ್ತದೆ, ಕೆಡುವುದು ನಡತೆ. ಮೂವತ್ತು ವರ್ಷ ಗೌರವದಿಂದ ಕಿರಾಣಿ ಅಂಗಡಿ ನಡೆಸಿದವರು ಗಿರಾಕಿಗಳ ಮುಂದೆ ಹೊಲಸು ಮಾತಾಡತೊಡಗುತ್ತಾರೆ. ಬೆಲ್ಲದ ಡಬ್ಬಿಗೆ ದಿನಕ್ಕೆ ಹತ್ತು ಸಲ ಕೈ ಹಾಕುತ್ತಾರೆ. ತಮ್ಮನ ಹೆಣದ ಮುಂದೆ ನಿಂತು ನಗುತ್ತಾರೆ. ಇದು ಕಾಯಿಲೆ ಎಂದು ಯಾರಿಗೂ ಹೊಳೆಯುವುದಿಲ್ಲ. ‘ಕುಡಿತ ಕಲ್ತಾನ’ ಅನ್ನುತ್ತಾರೆ, ‘ಮಾಟ’ ಅನ್ನುತ್ತಾರೆ, ಆಸ್ತಿ ಬರೆಸಿಕೊಳ್ಳುವವರು ಬರೆಸಿಕೊಂಡೂ ಹೋಗುತ್ತಾರೆ. ಎಂಆರ್‌ಐ ತೆಗೆದರೆ ಹಣೆಯ ಹಿಂದಿನ ಭಾಗ, ಕಣತಲೆಯ ಒಳಭಾಗ ಚಾಕುವಿನ ಅಲಗಿನಂತೆ ತೆಳ್ಳಗಾಗಿರುತ್ತವೆ. ಹಿಂಭಾಗ ಹೆಚ್ಚುಕಡಿಮೆ ತುಂಬಿಕೊಂಡೇ ಇರುತ್ತದೆ. ಅಲ್‌ಝೈಮರ್‌ಗೆ ಕೊಡುವ ಡೊನೆಪೆಜಿಲ್ ಗುಳಿಗೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಕೆಲವರಲ್ಲಿ ಚಡಪಡಿಕೆ ಹೆಚ್ಚಿಸುತ್ತದೆ.

ಕಾಲುವೆಯ ಕೊನೆಭಾಗ

ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ‘ಕೊನೆಭಾಗ’ ಎಂಬ ಮಾತಿನ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಮೇಲಿನವರು ಕುಡಿದುಳಿದ ನೀರು ಮಾನ್ವಿ ಕಡೆಯ ಹೊಲಗಳಿಗೆ ತಲುಪುವ ಹೊತ್ತಿಗೆ ಪೈರು ಬಾಡಿರುತ್ತದೆ. ಮಿದುಳಿನೊಳಗೂ ಇಂಥ ಕೊನೆಭಾಗವಿದೆ. ಆಳದಲ್ಲಿರುವ ಬಿಳಿ ಭಾಗಕ್ಕೆ ರಕ್ತ ಒಯ್ಯುವುದು ಉದ್ದನೆಯ, ಕೂದಲಿನಷ್ಟು ಸಣ್ಣ ನಾಳಗಳು. ಬಿಪಿ, ಸಕ್ಕರೆ ಕಾಯಿಲೆ, ಬೀಡಿ, ಗುಟ್ಕಾ ಇವು ವರ್ಷಾನುಗಟ್ಟಲೆ ಆ ನಾಳಗಳ ಗೋಡೆ ದಪ್ಪವಾಗಿಸಿದರೆ ಮೊದಲು ಒಣಗುವುದು ಈ ಕೊನೆಭಾಗವೇ.

ಎಂಆರ್‌ಐನಲ್ಲಿ ಅದು ಬಿಳಿ ಚುಕ್ಕೆಗಳಾಗಿ, ಮುಂದುವರಿದರೆ ಮೋಡದಂತೆ ಒಂದಕ್ಕೊಂದು ಕೂಡಿದ ಬಿಳಿ ಮಚ್ಚೆಗಳಾಗಿ ಕಾಣುತ್ತದೆ. ಅಲ್ಲಲ್ಲಿ ಕಾಳಿನಷ್ಟು ಸಣ್ಣ ಗುಳಿಗಳಿದ್ದರೆ ಅವು ಯಾರಿಗೂ ಗೊತ್ತಾಗದೆ ಆಗಿಹೋದ ಲಕ್ವದ ಗುರುತು. ಈ ಬಗೆಯ ಮರೆವು ಇಳಿಜಾರಿನಲ್ಲಿ ಇಳಿದಂತೆ ಬರುವುದಕ್ಕಿಂತ ಮೆಟ್ಟಿಲಿಳಿದಂತೆ ಬರುವುದೇ ಹೆಚ್ಚು: ಒಂದು ದಿನ ದಿಢೀರ್ ಕುಸಿತ, ಕೆಲವು ತಿಂಗಳು ಹಾಗೇ, ಮತ್ತೊಂದು ಕುಸಿತ. ಹಾಳಾದ ಭಾಗ ಮರಳುವುದಿಲ್ಲ. ಬಿಪಿ ಗುಳಿಗೆ ತಪ್ಪಿಸದಿದ್ದರೆ ಮುಂದಿನ ಮೆಟ್ಟಿಲು ತಪ್ಪಿಸಬಹುದು. ಆ ಗುಳಿಗೆ ಇವತ್ತು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗುತ್ತದೆ. ಹಾಗಾಗಿ ಈ ಬಗೆಯನ್ನು ಗುರುತಿಸಿದ ವೈದ್ಯರ ಮುಖದಲ್ಲಿ ಸ್ವಲ್ಪ ಗೆಲುವು ಕಾಣುವುದುಂಟು.

ಚಿತ್ರ ಸುಮ್ಮನಿದ್ದರೆ

‘ಅಲ್ಲಿ ಮೂಲ್ಯಾಗ ಸಣ್ಣ ಹುಡುಗ್ರು ಕುಂತಾವ ನೋಡವ್ವಾ, ಊಟಕ್ಕ ಹಾಕು.’

ಮೂಲೆಯಲ್ಲಿ ಯಾರೂ ಇಲ್ಲ. ತಾತ ಹೆದರಿಲ್ಲ, ಕಿರುಚಿಲ್ಲ. ಇರುವುದನ್ನು ಹೇಳುವಷ್ಟೇ ಸಹಜವಾಗಿ ಹೇಳುತ್ತಾರೆ. ನಿನ್ನೆ ಪೂರಾ ಮಂಕಾಗಿದ್ದವರು ಇವತ್ತು ಚುರುಕಾಗಿದ್ದಾರೆ. ನಡಿಗೆ ಚಿಕ್ಕದಾಗಿದೆ, ಕೈ ತುಸು ಬಿಗಿದಿದೆ. ರಾತ್ರಿ ನಿದ್ದೆಯಲ್ಲಿ ಯಾರನ್ನೋ ಒದೆಯುತ್ತಾರೆ, ಬೈಯುತ್ತಾರೆ. ಊರವರು ಗಾಳಿ ಸೋಕಿದೆ ಎನ್ನುತ್ತಾರೆ. ಇದಕ್ಕೆ ಲೂಯಿ ಬಾಡಿ ಡಿಮೆನ್ಷಿಯಾ ಎಂದು ಹೆಸರು. ಫ್ರೆಡರಿಕ್ ಲೂಯಿ 1912ರಲ್ಲಿ ಪಾರ್ಕಿನ್ಸನ್ ಕಾಯಿಲೆಯವರ ನರಕೋಶಗಳಲ್ಲಿ ಕಂಡ ಸಣ್ಣ ಗೋಲಿಗಳ ನೆನಪಿಗೆ ಇಟ್ಟದ್ದು.

ಇಲ್ಲಿ ಎಂಆರ್‌ಐ ಹೆಚ್ಚೇನೂ ಹೇಳುವುದಿಲ್ಲ. ಹಿಪೊಕ್ಯಾಂಪಸ್ ಬಹುಮಟ್ಟಿಗೆ ಚೆನ್ನಾಗೇ ಇರುತ್ತದೆ. ಆದರೆ ಇಷ್ಟೆಲ್ಲ ಗೊಂದಲವಿದ್ದೂ ಹಿಪೊಕ್ಯಾಂಪಸ್ ಗಟ್ಟಿಯಾಗಿದೆ ಎಂಬುದೇ ತಜ್ಞರಿಗೆ ಒಂದು ಸುಳಿವು. ಅನುಮಾನ ಉಳಿದರೆ ಬೇರೊಂದು ಸ್ಕ್ಯಾನ್ ಇದೆ: ಸಣ್ಣ ಪ್ರಮಾಣದ ವಿಕಿರಣ ಬೆರೆತ ಔಷಧಿಯನ್ನು ರಕ್ತಕ್ಕೆ ಕೊಟ್ಟು, ಮಿದುಳಿನ ಆಳದಲ್ಲಿ ಡೋಪಮೈನ್ ಒಯ್ಯುವ ನರತುದಿಗಳು ಉಳಿದಿವೆಯೇ ಎಂದು ನೋಡುವುದು. ಆರೋಗ್ಯವಂತರಲ್ಲಿ ಎರಡೂ ಕಡೆ ಅಲ್ಪವಿರಾಮ ಚಿಹ್ನೆಯಂಥ ಬೆಳಕು ಕಾಣುತ್ತದೆ. ಲೂಯಿ ಬಾಡಿ ಕಾಯಿಲೆಯಲ್ಲಿ ಆ ಅಲ್ಪವಿರಾಮದ ಬಾಲ ಉದುರಿ, ಪೂರ್ಣವಿರಾಮದಂಥ ಚುಕ್ಕೆಯಷ್ಟೇ ಉಳಿಯುತ್ತದೆ. ಅಲ್‌ಝೈಮರ್‌ನಲ್ಲಿ ಬಾಲ ಹಾಗೇ ಇರುತ್ತದೆ.

ಈ ಭೇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಲು ಗಟ್ಟಿ ಕಾರಣವಿದೆ. ಇಲ್ಲದ್ದು ಕಾಣುತ್ತದೆ, ರಾತ್ರಿ ಗಲಾಟೆ ಮಾಡುತ್ತಾರೆ ಎಂದರೆ ಹಾಲೊಪೆರಿಡಾಲ್‌ನಂಥ ಔಷಧಿ ಕೊಡುವುದು ಬಹುಕಾಲದ ರೂಢಿ. ಲೂಯಿ ಬಾಡಿ ರೋಗಿಗೆ ಅದು ಕೊಟ್ಟರೆ ಮೈ ಮರದಂತೆ ಸೆಟೆದು, ಪ್ರಜ್ಞೆ ಮಸುಕಾಗಿ, ಪ್ರಾಣಕ್ಕೇ ಸಂಚಕಾರ ಬರಬಹುದು. ಅದೇ ಕಾಯಿಲೆಗೆ ರಿವಾಸ್ಟಿಗ್ಮಿನ್‌ನಂಥ ಗುಳಿಗೆ ಒಳ್ಳೆಯ ಫಲ ಕೊಡುತ್ತದೆ. ತಾತನ ಮೂಲೆಯ ಹುಡುಗರ ಸಂಗತಿಯನ್ನು ನಾಚಿಕೊಂಡು ಮುಚ್ಚಿಡದೆ ವೈದ್ಯರಿಗೆ ಹೇಳಬೇಕಾದದ್ದು ಇದಕ್ಕೇ.

110 ನಿಮಿಷದ ಲೆಕ್ಕ

ಕುಗ್ಗುವುದಕ್ಕೂ ಮುಂಚೆ ಮಿದುಳು ಮಂಕಾಗುತ್ತದೆ, ಅಂದರೆ ಸಕ್ಕರೆ ಉರಿಸುವುದನ್ನು ಕಡಿಮೆ ಮಾಡುತ್ತದೆ. ಪೆಟ್ ಸ್ಕ್ಯಾನ್ ಅದನ್ನು ಹಿಡಿಯುತ್ತದೆ. ವಿಕಿರಣದ ಗುರುತು ಹಚ್ಚಿದ ಗ್ಲೂಕೋಸ್ ಚುಚ್ಚಿ ನೋಡಿದರೆ ಚುರುಕು ಭಾಗಗಳು ಬೆಳಗುತ್ತವೆ, ಮಂಕಾದವು ಕಪ್ಪಾಗುತ್ತವೆ. ಅಲ್‌ಝೈಮರ್‌ನಲ್ಲಿ ಕಣತಲೆಯಿಂದ ಹಿಂದಕ್ಕೆ ಕತ್ತಲೆ. ಮುಂಭಾಗದ ಕಾಯಿಲೆಯಲ್ಲಿ ಹಣೆಯ ಹಿಂದೆ ಕತ್ತಲೆ. ಲೂಯಿ ಬಾಡಿಯಲ್ಲಿ ದೃಷ್ಟಿಗೆ ಸಂಬಂಧಿಸಿದ ಹಿಂದಲೆಯಲ್ಲಿ ಕತ್ತಲೆ. ಇಲ್ಲದ ಮಕ್ಕಳು ಕಾಣುವುದಕ್ಕೂ ಇದಕ್ಕೂ ನಂಟಿರಬಹುದು.

ಈ ಗುರುತಿಗೆ ಬಳಸುವ ಫ್ಲೋರಿನ್-18 ಎಂಬ ವಸ್ತುವಿಗೆ ಆಯುಷ್ಯ ಕಮ್ಮಿ. 110 ನಿಮಿಷಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ನಾಲ್ಕು ಗಂಟೆ ಕಳೆದರೆ ಉಳಿಯುವುದು ಕಾಲುಭಾಗಕ್ಕಿಂತ ಕಡಿಮೆ. ಸೈಕ್ಲೊಟ್ರಾನ್ ಯಂತ್ರವಿರುವ ದೊಡ್ಡ ಊರಿನಲ್ಲಿ ಅದನ್ನು ತಯಾರಿಸಿ, ದೂರದ ಊರಿಗೆ ಕಳಿಸುವುದೆಂದರೆ ಬಿಸಿಲಲ್ಲಿ ಐಸ್ ಸಾಗಿಸಿದಂತೆ. ಆದ್ದರಿಂದ ಔಷಧಿ ರೋಗಿಯ ಹತ್ತಿರ ಬರುವುದಕ್ಕಿಂತ ರೋಗಿಯೇ ಔಷಧಿಯ ಹತ್ತಿರ ಹೋಗುವುದು ರೂಢಿ. ನಮಗೆ ಅದು ಹೈದರಾಬಾದ್ ಇಲ್ಲವೇ ಬೆಂಗಳೂರು. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಿನಿಂದ ಕೂತ ಧರಣಿ ಸಾವಿರ ದಿನ ದಾಟಿದ್ದು ಏಕೆ ಎಂದು ಕೇಳುವವರು, ಮರೆವಿನ ತಾಯಿಯನ್ನು ರಾತ್ರಿ ರೈಲಿನಲ್ಲಿ ಕರೆದುಕೊಂಡು ಹೋದ ಮಗನೊಬ್ಬನನ್ನು ಮಾತಾಡಿಸಬಹುದು.

ಹಾಗಂತ ಎಲ್ಲರಿಗೂ ಪೆಟ್ ಬೇಕಿಲ್ಲ. ಕಥೆ ಸ್ಪಷ್ಟವಿದ್ದು ಎಂಆರ್‌ಐ ಅದಕ್ಕೆ ತಾಳೆಯಾದರೆ ಅಷ್ಟೇ ಸಾಕು. ಚಿಕ್ಕ ವಯಸ್ಸಿನಲ್ಲಿ ಬಂದಾಗ, ಎರಡು ಕಾಯಿಲೆಗಳ ನಡುವೆ ತೀರ್ಮಾನ ತೂಗಾಡುವಾಗ ಪೆಟ್ ಕೆಲಸಕ್ಕೆ ಬರುತ್ತದೆ. ಅಲ್‌ಝೈಮರ್‌ನಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೊಟೀನನ್ನೇ ತೋರಿಸುವ ಪೆಟ್ ಕೂಡ ಇದೆ. ಆ ಪ್ರೊಟೀನನ್ನು ಕರಗಿಸುವ ಲೆಕೆನೆಮ್ಯಾಬ್ ಎಂಬ ಚುಚ್ಚುಮದ್ದಿಗೆ ಅಮೆರಿಕ 2023ರಲ್ಲಿ ಪೂರ್ಣ ಒಪ್ಪಿಗೆ ಕೊಟ್ಟಿತು. ಆರಂಭದ ಹಂತದವರಲ್ಲಿ ಕುಸಿತವನ್ನು ತುಸು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ. ಮಿದುಳು ಊದಿಕೊಳ್ಳುವ, ರಕ್ತ ಜಿನುಗುವ ಅಪಾಯವಿರುವುದರಿಂದ ಅದನ್ನು ಪಡೆಯುವವರು ಮತ್ತೆ ಮತ್ತೆ ಎಂಆರ್‌ಐಗೆ ಮಲಗಬೇಕು.

ಶ್ರೀನಿವಾಸಪುರದ ಮಿದುಳುಗಳು

‘ವಯಸ್ಸಿಗೆ ಮೀರಿ ಕುಗ್ಗಿದೆ’ ಎನ್ನಬೇಕಾದರೆ ಆ ವಯಸ್ಸಿನವರ ಮಿದುಳು ಹೇಗಿರಬೇಕು ಎಂಬುದು ಮೊದಲು ಗೊತ್ತಿರಬೇಕಲ್ಲ? ಯಾರ ಮಿದುಳಿಗೆ ಹೋಲಿಸುವುದು? ಬಹುಕಾಲ ಹೋಲಿಸಿದ್ದು ಯುರೋಪು, ಅಮೆರಿಕದವರ ಮಿದುಳಿಗೆ. ಭಾರತೀಯರ ಮಿದುಳು ಸರಾಸರಿ ಗಾತ್ರದಲ್ಲಿ ಅದಕ್ಕಿಂತ ಚಿಕ್ಕದು. ದೊಡ್ಡವರ ಅಂಗಿ ಹಾಕಿ ಅಳೆದರೆ ಆರೋಗ್ಯವಂತನೂ ಸೊರಗಿದಂತೆ ಕಂಡಾನು. ಹೈದರಾಬಾದಿನ ಐಐಐಟಿ 2019ರಲ್ಲಿ ಭಾರತೀಯ ಮಿದುಳಿನ ನಕಾಶೆಯೊಂದನ್ನು ರೂಪಿಸಿದ್ದು ಈ ಕೊರತೆ ನೀಗಿಸಲೆಂದೇ.

ಇನ್ನೂ ದೊಡ್ಡ ಕೆಲಸ ನಡೆಯುತ್ತಿರುವುದು ಕೋಲಾರ ಜಿಲ್ಲೆಯ ಮಾವಿನ ಸೀಮೆ ಶ್ರೀನಿವಾಸಪುರದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 45 ದಾಟಿದ 10 ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಇಟ್ಟುಕೊಂಡಿದೆ. ರಕ್ತ, ನೆನಪು, ನಡಿಗೆ, ಊಟ ಎಲ್ಲದರ ಲೆಕ್ಕ. ಜೊತೆಗೆ ಹಳ್ಳಿಗರನ್ನು ಬೆಂಗಳೂರಿಗೆ ಕರೆತಂದು ಎಂಆರ್‌ಐ. ಕಾಯಿಲೆ ಬರುವ ಮುಂಚಿನ ಚಿತ್ರಗಳು ಇವು. ಮುಂದೆ ಯಾರಿಗಾದರೂ ಮರೆವು ಬಂದರೆ ಹಿಂದಕ್ಕೆ ತಿರುಗಿ, ಮೊದಲ ಬಿರುಕು ಎಲ್ಲಿ, ಯಾವಾಗ ಕಂಡಿತ್ತು ಎಂದು ನೋಡಬಹುದು. ಕನ್ನಡ ನೆಲದ ಹೊಲಗೆಲಸದವರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂದು ಇಷ್ಟು ಬಿಡಿಸಿ ನೋಡಲು ಹೊರಟ ಪ್ರಯತ್ನ ಹಿಂದೆ ನಡೆದಿರಲಿಲ್ಲ.

ಚಿತ್ರದ ಜೊತೆ ನೆನಪಿನ ಪರೀಕ್ಷೆಯೂ ನಮ್ಮದಾಗಬೇಕು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60ನ್ನೂ ಮುಟ್ಟಿರಲಿಲ್ಲ. ಪೆನ್ನು ಹಿಡಿಯದ ಅಜ್ಜಿಗೆ ‘ಗಡಿಯಾರ ಬರೀರಿ, ನೂರರಿಂದ ಏಳೇಳು ಕಳೀರಿ’ ಎಂದರೆ ಅವಳಿಗೆ ಇಲ್ಲದ ಕಾಯಿಲೆ ಅಂಟುತ್ತದೆ. ಅದೇ ಅಜ್ಜಿ ಸೇರಿಗೆಷ್ಟು, ಪಾವಿಗೆಷ್ಟು ಎಂದು ಬೆರಳಲ್ಲಿ ಲೆಕ್ಕ ಹಾಕುತ್ತಾಳೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡ, ತೆಲುಗು ಸೇರಿ ಐದು ಭಾಷೆಗಳಲ್ಲಿ ನಮ್ಮವರಿಗೆ ಹೊಂದುವ ಪರೀಕ್ಷೆಗಳನ್ನು ಅಣಿಗೊಳಿಸಿದೆ.

ಭಾಷೆಯ ಮಾತು ಬಂದಾಗ ಒಂದು ಸಂಗತಿ ಹೇಳದಿರಲಾರೆ. ಈಗ ನಿಮ್ಹಾನ್ಸ್‌ನಲ್ಲಿರುವ ನರತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಮ್ಸ್ ಆಸ್ಪತ್ರೆಗೆ ಬಂದ 648 ಡಿಮೆನ್ಷಿಯಾ ರೋಗಿಗಳನ್ನು ಬಗೆಬಗೆಯಾಗಿ ವಿಂಗಡಿಸಿ ನೋಡಿದರು: 240 ಅಲ್‌ಝೈಮರ್, 189 ರಕ್ತನಾಳದ್ದು, 116 ಮುಂಭಾಗದ್ದು, 55 ಲೂಯಿ ಬಾಡಿ, ಉಳಿದ 48 ಬೆರಕೆ. 2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆ ಎತ್ತಿತ್ತು, ಓದು ಬರಹ ಬಾರದವರಲ್ಲೂ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಟಾಂಗಾದವನ ಹತ್ತಿರ ದಖ್ಖನಿ ಉರ್ದು ಆಡಿಕೊಂಡು ಬೆಳೆದ ರಾಯಚೂರಿನವರು ಇದನ್ನು ಓದಿ ಸ್ವಲ್ಪ ಬೀಗಿದರೆ ತಪ್ಪೇನಿಲ್ಲ. ಇದು ಒಂದು ಆಸ್ಪತ್ರೆಯ ಲೆಕ್ಕ, ಇದರ ಬಗ್ಗೆ ತಜ್ಞರಲ್ಲಿ ವಾದ ಮುಗಿದಿಲ್ಲ ಎಂಬುದನ್ನೂ ನೆನಪಿಡಬೇಕು.

ಸೊಸೆಯ ಸಾಕ್ಷಿ

ಆ ವಿಂಗಡಣೆಯಲ್ಲಿ ‘ಬೆರಕೆ’ ಎಂದೊಂದು ಗುಂಪಿತ್ತಲ್ಲ, ವಯಸ್ಸು ಹೆಚ್ಚಿದಷ್ಟೂ ಅದು ದೊಡ್ಡದಾಗುತ್ತದೆ. ನಿಮ್ಹಾನ್ಸ್ 1995ರಿಂದ ನಡೆಸುತ್ತಿರುವ ಮಿದುಳು ಬ್ಯಾಂಕಿನಲ್ಲಿ ದಾನವಾಗಿ ಬಂದ ಮಿದುಳುಗಳನ್ನು ಇಟ್ಟಿದ್ದಾರೆ. ಯಾವ ಕಾಯಿಲೆ ಎಂಬ ಕಟ್ಟಕಡೆಯ ಉತ್ತರ ಸಿಗುವುದು ಅಂಥ ಮಿದುಳಿನ ತೆಳುಹೋಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗಲೇ. ಅಲ್ಲಿ ಅಲ್‌ಝೈಮರ್ ಗುರುತಿನ ಪಕ್ಕದಲ್ಲೇ ಒಣಗಿದ ರಕ್ತನಾಳ, ಲೂಯಿ ಗೋಲಿ ಒಟ್ಟೊಟ್ಟಿಗೆ ಸಿಗುವುದು ಅಪರೂಪವಲ್ಲ. ಬದುಕಿರುವಾಗ ಸ್ಕ್ಯಾನ್ ಕೊಡುವುದು ಒಂದು ಬಲವಾದ ಊಹೆ.

ಆ ಊಹೆಗೆ ದಿಕ್ಕು ತೋರುವುದು ಮನೆಯವರ ಮಾತು. ಮೊದಲು ಕೆಟ್ಟದ್ದು ನೆನಪೋ ನಡತೆಯೋ ನಡಿಗೆಯೋ? ಮೆಲ್ಲಗೆ ಬಂತೋ, ದಿಢೀರ್ ಬಂತೋ? ಬಿದ್ದಿದ್ದರೇ? ಇಲ್ಲದ್ದು ಕಾಣುತ್ತದೆಯೇ? ಯಾವ ಗುಳಿಗೆ ನುಂಗುತ್ತಾರೆ? ಇವಕ್ಕೆ ಉತ್ತರ ಗೊತ್ತಿರುವುದು ಕಾರು ತಂದ ಮಗನಿಗಲ್ಲ, ದಿನಾ ಊಟಕ್ಕಿಡುವ ಸೊಸೆಗೆ. ಆಸ್ಪತ್ರೆಗೆ ಹೋಗುವಾಗ ಅವಳನ್ನೇ ಮನೆಯಲ್ಲಿ ಬಿಟ್ಟು ಬರುತ್ತಾರೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಬೆಂಗಳೂರು ದಕ್ಷಿಣ, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಶುರು ಮಾಡಿದ ಮಿದುಳು ಆರೋಗ್ಯ ಕಾರ್ಯಕ್ರಮ ಆಮೇಲೆ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಆ ಕಾರ್ಯಕ್ರಮದ ಕ್ಲಿನಿಕ್‌ಗಳಲ್ಲಿ ಮೊದಲ ಪರೀಕ್ಷೆ ಎಂದರೆ ಇಂಥ ಪ್ರಶ್ನೆಗಳೇ.

ಇನ್ನೊಂದು ಮಾತು, ಸ್ಕ್ಯಾನಿನ ಫಿಲ್ಮಿನ ಬಗ್ಗೆ. ಆರೋಗ್ಯವಂತ ಹಿರಿಯರ ಹಿಪೊಕ್ಯಾಂಪಸ್ ವರ್ಷಕ್ಕೆ ಶೇ 1ರಿಂದ 1.5ರಷ್ಟು ಸವೆದರೆ, ಅಲ್‌ಝೈಮರ್ ಇದ್ದವರಲ್ಲಿ ಶೇ 4ರಿಂದ 5ರಷ್ಟು ಸವೆಯುತ್ತದೆ. ಒಂದು ಚಿತ್ರ ಹೇಳದ್ದನ್ನು ವರ್ಷದ ಅಂತರದ ಎರಡು ಚಿತ್ರ ಅಕ್ಕಪಕ್ಕ ಇಟ್ಟರೆ ಹೇಳುತ್ತವೆ. ಹಾಗಾಗಿ ಎರಡನೇ ಸಲ ಹೋದಾಗ ವೈದ್ಯರು ತಪ್ಪದೆ ಕೇಳುತ್ತಾರೆ:

‘ಹಿಂದಿನ ವರ್ಷದ ಫಿಲ್ಮ್ ತಂದೀರೇನವ್ವಾ?’

ಸೊಸೆ ಸೆರಗು ಸರಿಮಾಡಿಕೊಂಡು ಮಗನ ಮುಖ ನೋಡುತ್ತಾಳೆ. ಮಗ ನೆಲ ನೋಡುತ್ತಾನೆ.

‘ಟ್ರಂಕಿನಾಗ ಇಟ್ಟಿದ್ದೆವ್ರಿ ಸಾಹೇಬ್ರ. ಗ್ರಹಣ ನೋಡಾಕ ಅಂತ ಓಣಿ ಹುಡುಗ್ರು ಒಯ್ದಾವ.’